ಮಳೆನೀರು ಮನೆಗೆ ನುಗ್ಗಿದರೆ: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪ್ರವಾಹ ಬೇಗ ಬಂದು ಬೇಗ ಹೋಗುತ್ತದೆ. ಸಂಜೆ ಹಿಡಿದ ಮಳೆ ರಾತ್ರಿಯಷ್ಟರಲ್ಲಿ ರಾಜಕಾಲುವೆ ತುಂಬಿಸಿ, ತಗ್ಗಿನ ಬೀದಿಗಳ ನೆಲಮಹಡಿಗೆ ಮೊಣಕಾಲುದ್ದ ನೀರು ತಂದು ನಿಲ್ಲಿಸುತ್ತದೆ. ಇಷ್ಟು ನೀರಿನಲ್ಲಿ ಮುಳುಗುವ ಭಯಕ್ಕಿಂತ ಕರೆಂಟಿನ ಭಯ ದೊಡ್ಡದು, ಆಮೇಲಿನದು ಚರಂಡಿ ನೀರಿನದು. ಇವೆರಡಕ್ಕೂ ಮಾಡಬೇಕಾದ ಕೆಲಸ ನೀರು ಹೊಸ್ತಿಲು ದಾಟುವ ಮೊದಲೇ ಮುಗಿದಿರಬೇಕು. ಕೆಳಗಿನ ಉತ್ತರಗಳನ್ನು ಮಳೆ ಇಲ್ಲದ ದಿನ ಓದಿ, ಮನೆಯವರಿಗೆಲ್ಲ ಹೇಳಿಡಿ.

ನಮ್ಮ ಮನೆ ಹತ್ತಿರ ಕೆರೆಯೂ ಇಲ್ಲ, ನದಿಯೂ ಇಲ್ಲ. ಆದರೂ ನೀರು ಬರುವುದು ಏಕೆ?

ಊರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಹಿಂದೆ ದಾರಿಯುದ್ದಕ್ಕೂ ಕೆರೆಗಳು ಆ ನೀರನ್ನು ತಡೆದು, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಬಿಡುತ್ತಿದ್ದವು. ಈಗ ಹಲವು ಕೆರೆಗಳೂ ಕಾಲುವೆಗಳೂ ಲೇಔಟ್‌ಗಳ ಕೆಳಗೆ ಸೇರಿವೆ. ನೀರಿಗೆ ಮಾತ್ರ ಹಳೆಯ ದಾರಿಯೇ ಗೊತ್ತು.

ಲೆಕ್ಕ ಹಾಕಿ ನೋಡಿ. ಒಂದು 30x40 ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರು, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್. ಸುತ್ತಲೂ ಕಾಂಕ್ರೀಟ್ ಆದಮೇಲೆ ಬೀದಿಯ ಪ್ರತಿ ಮನೆಯಿಂದಲೂ ಅಷ್ಟು ನೀರು ಒಂದೇ ಸಲ ಮೋರಿಗೆ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವು ಬಳಿಯ ಸಾಯಿ ಲೇಔಟ್ ಮುಳುಗಿದ್ದು ಹೀಗೆಯೇ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರಾದರೂ, ಮೇ ತಿಂಗಳ ಮುಂಗಾರು ಪೂರ್ವ ಮಳೆಯೂ ಕಡಿಮೆಯಲ್ಲ.

ಎಷ್ಟು ಮಳೆ ಬಂದರೆ ಎಚ್ಚರವಾಗಬೇಕು?

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ನಮ್ಮ ಊರಿಗೆ ಆ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಮುಖ್ಯ: ದಿನವಿಡೀ ಬಿದ್ದ 60 ಮಿ.ಮೀ. ಮೋರಿಯಲ್ಲಿ ಹರಿದು ಹೋಗಬಹುದು, ಅದೇ ಮಳೆ ಒಂದು ಗಂಟೆಯಲ್ಲಿ ಸುರಿದರೆ ಬೀದಿಯೇ ಹೊಳೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಮೇಘಸಂದೇಶ’ ಆ್ಯಪ್‌ನಲ್ಲಿ ಬಡಾವಣೆವಾರು ಮಳೆ ಮತ್ತು ಪ್ರವಾಹದ ಸೂಚನೆ ಸಿಗುತ್ತದೆ. ನಿಮ್ಮ ಬೀದಿಯಲ್ಲಿ ಮಳೆ ಕಡಿಮೆ ಇದ್ದರೂ ಮೇಲ್ಭಾಗದ ಬಡಾವಣೆಗಳಲ್ಲಿ ಜೋರಿದ್ದರೆ ನೀರು ನಿಮ್ಮ ಕಡೆಗೇ ಬರುತ್ತದೆ.

ಆ್ಯಪ್‌ಗಿಂತ ಮೊದಲು ಸುಳಿವು ಕೊಡುವುದು ನಿಮ್ಮದೇ ಬಚ್ಚಲು. ನೆಲದ ಜಾಲರಿಯಿಂದ ಗುಳುಗುಳು ಸದ್ದು ಬಂದರೆ, ಕಮೋಡ್‌ನಲ್ಲಿ ನೀರಿನ ಮಟ್ಟ ತಾನಾಗಿ ಏರಿಳಿದರೆ, ಬೀದಿಯ ಒಳಚರಂಡಿ ತುಂಬುತ್ತಿದೆ ಎಂದರ್ಥ. ಆಗ ಇನ್ನು ಕಾಯಬೇಡಿ.

ಗೇಟಿನ ಹತ್ತಿರ ನೀರು ಬಂದಿದೆ. ಮೊದಲು ಏನು ಮಾಡಲಿ?

ಟಿವಿ, ಸೋಫಾ ಎತ್ತಿಡಲು ಹೋಗುವುದು ಎಲ್ಲರೂ ಮಾಡುವ ತಪ್ಪು. ಈ ಕ್ರಮದಲ್ಲಿ ಮಾಡಿ:

1. ಮಕ್ಕಳು, ವಯಸ್ಸಾದವರು, ನಡೆಯಲು ಕಷ್ಟವಿರುವವರನ್ನು ಮೇಲಿನ ಮಹಡಿಗೆ ಕಳಿಸಿ. ಮೇಲೆ ಬೇರೆಯವರ ಮನೆ ಇದ್ದರೂ ಸಂಕೋಚ ಬೇಡ.
2. ಒಣ ನೆಲದ ಮೇಲೆ, ಒಣ ಚಪ್ಪಲಿ ಹಾಕಿ ನಿಂತು, ಒಣ ಕೈಯಿಂದ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಅನ್ನೂ ಆಫ್ ಮಾಡಿ (ಮುಂದಿನ ಪ್ರಶ್ನೆ ನೋಡಿ).
3. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ಸಿಲಿಂಡರ್‌ಗೆ ಮುಚ್ಚಳ ಹಾಕಿ.
4. ಕಮೋಡ್, ಬಚ್ಚಲಿನ ಜಾಲರಿ ಮುಚ್ಚಿ.
5. ಕುಡಿಯುವ ನೀರು, ದಿನನಿತ್ಯದ ಔಷಧಿ, ಫೋನ್, ಚಾರ್ಜ್ ಆದ ಪವರ್ ಬ್ಯಾಂಕ್, ಟಾರ್ಚ್, ಮನೆ ಪತ್ರಗಳ ಚೀಲ ಮೇಲಕ್ಕೆ ಒಯ್ಯಿರಿ.
6. ಸಮಯ ಉಳಿದರೆ ಮಾತ್ರ ಸಾಮಾನು.

ಇಬ್ಬರಿದ್ದರೆ ಒಬ್ಬರು ಕರೆಂಟು ಮತ್ತು ಗ್ಯಾಸ್, ಇನ್ನೊಬ್ಬರು ಮನೆಮಂದಿ ಮತ್ತು ನೀರು ಎಂದು ಈಗಲೇ ಹಂಚಿಕೊಳ್ಳಿ. ನಡುರಾತ್ರಿ ಗಾಬರಿಯಲ್ಲಿ ಇಬ್ಬರೂ ಒಂದೇ ಕೆಲಸಕ್ಕೆ ಓಡುತ್ತಾರೆ.

ಬೀದಿಗೆಲ್ಲ ಕರೆಂಟ್ ಹೋಗಿದೆ. ಇನ್ನೇನು ಭಯ?

ಯುಪಿಎಸ್. ಬೆಸ್ಕಾಂ ಲೈನ್ ಹೋದ ಕ್ಷಣವೇ ಅದು ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಮನೆಯ ಲೈಟು, ಫ್ಯಾನು, ಕೆಲವು ಪಾಯಿಂಟ್‌ಗಳಿಗೆ ಕೊಡುತ್ತದೆ. ಅದು ಸಾಮಾನ್ಯ ಲೈನಿನ ಕರೆಂಟಿನಷ್ಟೇ ಪ್ರಾಣ ತೆಗೆಯಬಲ್ಲದು. ಮೇನ್ ಆಫ್ ಮಾಡಿ ‘ಸದ್ಯ ಕರೆಂಟಿಲ್ಲ’ ಎಂದು ನೀರಿಗೆ ಇಳಿದವರಿಗೆ ಯುಪಿಎಸ್ ಲೈನ್ ಇನ್ನೂ ಜೀವಂತವಾಗಿದೆ ಎಂಬ ನೆನಪು ಇರುವುದಿಲ್ಲ. ಮುಂಭಾಗದ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೂ ಕಿತ್ತುಬಿಡಿ. ಕೆಲವು ಮಾದರಿಗಳಲ್ಲಿ ಮುಂಭಾಗದ ಸ್ವಿಚ್ ಬ್ಯಾಟರಿಯ ಕರೆಂಟನ್ನಷ್ಟೇ ನಿಲ್ಲಿಸುತ್ತದೆ, ಲೈನ್ ವಾಪಸ್ ಬಂದಾಗ ಅದು ಹಾಗೇ ಒಳಗೆ ಹರಿಯುತ್ತದೆ. ಹಾಗಾಗಿ ಮೇನ್ ಮತ್ತು ಯುಪಿಎಸ್ ಎರಡೂ ಆಫ್ ಆಗಲೇಬೇಕು.

150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕೆಜಿಗೂ ಹೆಚ್ಚು ತೂಗುತ್ತದೆ. ನೀರು ಬಂದಾಗ ಎತ್ತಿಡುತ್ತೇನೆ ಎನ್ನುವುದು ಆಗದ ಮಾತು. ತಗ್ಗಿನ ಮನೆಯಾಗಿದ್ದರೆ ಮಳೆಗಾಲಕ್ಕೆ ಮೊದಲೇ ಗಟ್ಟಿ ಸ್ಟ್ಯಾಂಡ್ ಮೇಲೋ ಮಹಡಿಗೋ ಏರಿಸಿ. ಚಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದರೆ ಹಗಲಿನಲ್ಲಿ ಅದರ ಡಿಸಿ ತಂತಿಯಲ್ಲಿ ಸದಾ ಕರೆಂಟ್ ಇರುತ್ತದೆ. ಅದರ ಐಸೊಲೇಟರ್ (ಆ ಲೈನ್ ಕಡಿಯುವ ಸ್ವಿಚ್) ಎಲ್ಲಿದೆ ಎಂದು ಹಾಕಿದವರಿಂದ ಕೇಳಿ ತಿಳಿದುಕೊಳ್ಳಿ.

ನೀರು ಆಗಲೇ ಒಳಗೆ ಬಂದಿದೆ. ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೆ, ನೀರಿನಲ್ಲಿದೆ.

ಅದರ ಹತ್ತಿರ ಹೋಗಬೇಡಿ. ನೀರು ಪ್ಲಗ್ ಪಾಯಿಂಟ್‌ನ ಮಟ್ಟ ಮುಟ್ಟಿದ ಕೋಣೆಗೂ ಕಾಲಿಡಬೇಡಿ. ಒಣ ಜಾಗದಿಂದ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ‘ಮನೆಯೊಳಗೆ ನೀರು ಬಂದಿದೆ, ಮೀಟರ್ ಮುಳುಗಿದೆ, ಬೀದಿಯ ಲೈನ್ ಕಡಿಯಿರಿ’ ಎಂದು ಸ್ಪಷ್ಟವಾಗಿ ಹೇಳಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಫೋನಿನಲ್ಲಿ ಬರೆದಿಟ್ಟಿದ್ದರೆ ಮನೆ ಹುಡುಕುವುದು ಸುಲಭ.

ನೀರಿನಲ್ಲಿ ನಡೆಯುವಾಗ ಕಾಲಲ್ಲಿ ಜುಮುಜುಮು ಎನಿಸಿದರೆ ಅದೇ ಕರೆಂಟು. ಮುಂದೆ ಹೆಜ್ಜೆ ಹಾಕದೆ, ಕಾಲುಗಳನ್ನು ಒಟ್ಟಿಗೆ ಇಟ್ಟು ಸಣ್ಣ ಸಣ್ಣದಾಗಿ ಸರಿಯುತ್ತಾ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಯಾರಾದರೂ ನೀರಿನಲ್ಲಿ ಬಿದ್ದು ಒದ್ದಾಡುತ್ತಿದ್ದರೆ, ಎಷ್ಟೇ ಹತ್ತಿರದವರಾದರೂ, ಕರೆಂಟ್ ಕಡಿಯುವವರೆಗೆ ನೀರಿಗೆ ಇಳಿಯಬೇಡಿ, ಮುಟ್ಟಬೇಡಿ. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರೂ ಹೋಗುವುದು ಹೀಗೆಯೇ.

ಆರ್‌ಸಿಸಿಬಿ ಹಾಕಿಸಿದರೆ ಸಾಕಲ್ಲವೇ?

ಹಾಕಿಸಲೇಬೇಕು. 30 ಮಿಲಿಆಂಪಿಯರ್ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಕರೆಂಟಿನ ಸಣ್ಣ ಸೋರಿಕೆಯನ್ನೂ ಗುರುತಿಸಿ ಕಣ್ಣುಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಓವರ್‌ಲೋಡ್, ಶಾರ್ಟ್ ಆದಾಗ ಮಾತ್ರ ಆಫ್ ಆಗುವ ಎಂಸಿಬಿಗೆ ಆ ಶಕ್ತಿ ಇಲ್ಲ. ತಿಂಗಳಿಗೊಮ್ಮೆ ಅದರ ‘ಟೆಸ್ಟ್’ ಗುಂಡಿ ಒತ್ತಿ ನೋಡಿ, ಸ್ವಿಚ್ ತಾನಾಗಿ ಆಫ್ ಆಗದಿದ್ದರೆ ಬದಲಿಸಿ. ಆದರೆ ಬಹಳ ಮನೆಗಳಲ್ಲಿ ಯುಪಿಎಸ್ ಲೈನ್ ಆರ್‌ಸಿಸಿಬಿಯ ರಕ್ಷಣೆಯಿಂದ ಹೊರಗಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಅದನ್ನೇ ಮೊದಲು ಕೇಳಿ.

ಕಮೋಡ್‌ನಿಂದ ಕೊಳಚೆ ಉಕ್ಕಿ ಬರುತ್ತದೆ. ತಡೆಯುವುದು ಹೇಗೆ?

ಬಾಗಿಲಿಗೆ ಎಷ್ಟೇ ಮರಳು ಚೀಲ ಪೇರಿಸಿದರೂ ಒಳಚರಂಡಿ ತುಂಬಿದಾಗ ನೀರು ಮನೆಯೊಳಗಿನಿಂದಲೇ ಏಳುತ್ತದೆ. ನೆಲಮಹಡಿಯ ಕಮೋಡ್ ಮತ್ತು ಬಚ್ಚಲಿನ ಜಾಲರಿ ಬೀದಿಯ ಮ್ಯಾನ್‌ಹೋಲ್‌ಗಿಂತ ತಗ್ಗಿನಲ್ಲಿದ್ದರೆ ಇದು ಖಂಡಿತ.

ತಕ್ಷಣಕ್ಕೆ: ಗಟ್ಟಿ ಪ್ಲಾಸ್ಟಿಕ್ ಚೀಲವನ್ನು ಅರ್ಧದಷ್ಟು ಮರಳಿನಿಂದ ತುಂಬಿ, ಕಟ್ಟಿ, ಕಮೋಡ್ ಒಳಗೆ ತುರುಕಿ. ಜಾಲರಿ ತೆಗೆದು ಹಳೆಯ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಉಂಡೆ ಬಿಗಿದು, ಮೇಲೆ ಮರಳು ಚೀಲವನ್ನೋ ಕಲ್ಲನ್ನೋ ಇಡಿ. ಬಟ್ಟೆ ಒಗೆಯುವ ಮೆಷಿನ್ನಿನ ಪೈಪ್ ಇಳಿಬಿಟ್ಟ ತೂತನ್ನು ಮರೆಯಬೇಡಿ. ಇಷ್ಟಾದ ಮೇಲೆ ಮೇಲಿನ ಮಹಡಿಯವರು ಫ್ಲಶ್ ಮಾಡಿದರೆ, ಬಚ್ಚಲಿಗೆ ನೀರು ಬಿಟ್ಟರೆ, ಅದು ನಿಮ್ಮ ಮನೆಯಲ್ಲೇ ಮೇಲೇಳುತ್ತದೆ. ಅವರಿಗೆ ಹೇಳಿಬಿಡಿ.

ಶಾಶ್ವತವಾಗಿ: ಕಾಂಪೌಂಡ್ ಒಳಗಿನ ಕೊನೆಯ ಚೇಂಬರ್‌ನಲ್ಲಿ, ಬೀದಿಗೆ ಹೋಗುವ ಪೈಪಿಗೆ (ಸಾಮಾನ್ಯವಾಗಿ 110 ಅಥವಾ 160 ಮಿ.ಮೀ.) ನೀರನ್ನು ಹೊರಕ್ಕೆ ಮಾತ್ರ ಬಿಡುವ ನಾನ್‌ ರಿಟರ್ನ್ ವಾಲ್ವ್ ಹಾಕಿಸಿ. ಅದರ ಮುಚ್ಚಳಕ್ಕೆ ಬಟ್ಟೆ, ಪ್ಲಾಸ್ಟಿಕ್, ಕೂದಲು ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ತೆಗೆದು ತೊಳೆಸಿ. ಚಾವಣಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಿದ್ದರೆ ಬಿಡಿಸಿ. ನಿಮ್ಮ ಮನೆಯ ಮಳೆನೀರೇ ನೆರೆಮನೆಯವರ ಕಮೋಡ್‌ನಲ್ಲಿ ಏಳುತ್ತಿರಬಹುದು.

ಬೀದಿಯಲ್ಲಿ ನಿಂತ ನೀರು ಹೋಗಲಿ ಎಂದು ಮ್ಯಾನ್‌ಹೋಲ್ ಮುಚ್ಚಳ ಎತ್ತುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಕೊಳಚೆ ಇನ್ನಷ್ಟು ಮನೆಗಳಿಗೆ ನುಗ್ಗುತ್ತದೆ, ನೀರಿನಡಿ ಕಾಣದ ಗುಂಡಿಗೆ ದಾರಿಹೋಕರು ಬೀಳುತ್ತಾರೆ. ಕಟ್ಟಿಕೊಂಡ ಲೈನಿಗೆ ಜಲಮಂಡಳಿಯ 1916ಕ್ಕೆ ಹೇಳಿ ಜೆಟ್ಟಿಂಗ್ ಯಂತ್ರ ಕರೆಸಿ. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಒಳಗಿನ ವಿಷಗಾಳಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ.

ಬಾಗಿಲಿಗೆ ಮರಳು ಚೀಲ ಎಷ್ಟು ಬೇಕು?

ಒಂದು ಮೀಟರ್ ಅಗಲದ ಬಾಗಿಲಿಗೆ ಒಂದೂವರೆ ಅಡಿ ಎತ್ತರಕ್ಕೆ ಸುಮಾರು 15 ಖಾಲಿ ಸಿಮೆಂಟ್ ಚೀಲ ಇಟ್ಟುಕೊಳ್ಳಿ. ಅರ್ಧ ಮಾತ್ರ ತುಂಬಿ. ಪೂರ್ತಿ ತುಂಬಿದ ಚೀಲ ದಿಂಬಿನಂತೆ ಉಬ್ಬಿ ನಡುವೆ ಸಂದು ಬಿಡುತ್ತದೆ, ಅರ್ಧ ತುಂಬಿದ್ದು ಚಪ್ಪಟೆಯಾಗಿ ಕೂರುತ್ತದೆ. ಮೊದಲು ನೆಲಕ್ಕೂ ಬಾಗಿಲಿಗೂ ಸೇರಿದಂತೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ಇಟ್ಟಿಗೆ ಕಟ್ಟುವಂತೆ ಸಂದು ತಪ್ಪಿಸಿ ಜೋಡಿಸಿ, ಒಂದೊಂದು ಸಾಲನ್ನೂ ತುಳಿದು ಕೂರಿಸಿ. ಕೆಳಸಾಲು ಎರಡು ಪಟ್ಟು ಅಗಲವಿರಲಿ. ಎಂ-ಸ್ಯಾಂಡ್ ಆದರೂ ನಡೆಯುತ್ತದೆ.

ಎರಡು ಅಡಿಗಿಂತ ಎತ್ತರ ತಡೆಯಲು ಹೋಗಬೇಡಿ. ಹೊರಗೆ ನೀರು, ಒಳಗೆ ಖಾಲಿ ಆದಾಗ ಕಾಂಪೌಂಡ್ ಗೋಡೆ, ತೆಳು ಗೋಡೆಗಳ ಮೇಲೆ ಒತ್ತಡ ಬಿದ್ದು ಕುಸಿಯಬಹುದು. ಅಷ್ಟು ನೀರು ಬರುವ ಜಾಗದಲ್ಲಿ ಬಾಗಿಲು ಕಾಯುವ ಬದಲು ಮೇಲಕ್ಕೆ ಹೋಗುವುದೇ ಸರಿ.

ಗ್ಯಾಸ್ ಸಿಲಿಂಡರ್ ಭಾರ ಇರುತ್ತದೆ, ಅಲ್ಲೇ ಬಿಟ್ಟರೆ ಆಗುವುದಿಲ್ಲವೇ?

ತುಂಬಿದ ಸಿಲಿಂಡರೂ ತೇಲುತ್ತದೆ. 14.2 ಕೆಜಿ ಗ್ಯಾಸ್ ಸೇರಿ ಒಟ್ಟು ತೂಕ ಸುಮಾರು 30 ಕೆಜಿ. ಅದರ ಒಳಗೇ 33 ಲೀಟರ್ ನೀರು ಹಿಡಿಯುವ ಜಾಗವಿದೆ. ಮುಳುಗಿದಾಗ ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಸರಿಸುವುದರಿಂದ ಮೇಲೇಳುತ್ತದೆ. ರೆಗ್ಯುಲೇಟರ್ ಬಿಚ್ಚದಿದ್ದರೆ ಪೈಪ್ ಎಳೆದು ಸೋರಿಕೆಯಾಗುತ್ತದೆ. ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ಕಿಟಕಿ ಸರಳಿಗೆ ಹಗ್ಗದಿಂದ ಕಟ್ಟಿ. ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ವಾಪಸ್ ಬಂದಾಗ ವಾಸನೆ ಇದ್ದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಹೊರಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಮನೆಯಲ್ಲೇ ಇರಬೇಕೋ, ಬಿಟ್ಟು ಹೋಗಬೇಕೋ?

ಮಹಡಿ ಇದ್ದು, ಕಟ್ಟಡ ಗಟ್ಟಿಯಾಗಿದ್ದರೆ ಮೇಲೆ ಹೋಗಿ ಇರುವುದೇ ಬಹುತೇಕ ಸಲ ಕ್ಷೇಮ. ರಾತ್ರಿ, ಹರಿಯುವ ನೀರಿನಲ್ಲಿ, ಬಾಯ್ತೆರೆದ ಮೋರಿಗಳ ಬೀದಿಯಲ್ಲಿ ಹೊರಡುವುದು ಅದಕ್ಕಿಂತ ಅಪಾಯ. ಆರು ಇಂಚು ಹರಿಯುವ ನೀರು ದೊಡ್ಡವರನ್ನೂ ಬೀಳಿಸಬಲ್ಲದು, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು.

ಶೀಟಿನ ಮನೆ, ರಾಜಕಾಲುವೆಯ ಅಂಚಿನ ಮನೆ, ಮಹಡಿಯಿಲ್ಲದ ತಗ್ಗಿನ ಮನೆ ಇದ್ದವರು ಮಾತ್ರ ಎಚ್ಚರಿಕೆ ಬಂದ ಹಗಲೇ ಬೇರೆಡೆಗೆ ಹೋಗಬೇಕು. ಡಯಾಲಿಸಿಸ್ ಮಾಡಿಸುವವರು, ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರು, ತಿಂಗಳು ತುಂಬಿದ ಬಸುರಿಯರು ಇದ್ದರೂ ಹಾಗೆಯೇ. ಸಿಕ್ಕಿಹಾಕಿಕೊಂಡರೆ 112, ನೀರು ತೆರವು, ದೋಣಿ, ಮರ ಬಿದ್ದದ್ದಕ್ಕೆ ಪಾಲಿಕೆಯ 1533. ಹೇಳುವಾಗ ವಿಳಾಸದ ಜೊತೆ ಹತ್ತಿರದ ದೇವಸ್ಥಾನವೋ ಶಾಲೆಯೋ ಹೇಳಿ. ನಮ್ಮಲ್ಲಿ 3ನೇ ಕ್ರಾಸ್‌ಗಳಿಗೆ ಲೆಕ್ಕವಿಲ್ಲ.

ಬೇಸ್‌ಮೆಂಟ್‌ನಿಂದ ಗಾಡಿ ತೆಗೆದು ಬರಲೇ?

ನೀರು ಇಳಿಜಾರಿನಲ್ಲಿ ಹರಿಯಲು ಶುರುವಾದ ಮೇಲೆ ಬೇಡವೇ ಬೇಡ. ಬೇಸ್‌ಮೆಂಟ್ ನಿಮಿಷಗಳಲ್ಲಿ ತುಂಬುತ್ತದೆ. ಮೂರು ಅಡಿ ಅಗಲದ ಬಾಗಿಲಿನ ಒಂದು ಬದಿಗೆ ಎರಡು ಅಡಿ ನೀರು ನಿಂತರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 170 ಕೆಜಿ ಭಾರಕ್ಕೆ ಸಮ. ಒಳಗಿದ್ದವರಿಗೆ ತಳ್ಳಿ ತೆರೆಯಲು ಆಗುವುದಿಲ್ಲ. ಸೆಕ್ಯುರಿಟಿಯವರನ್ನೂ ಕಳಿಸಬೇಡಿ, ಅವರದೂ ಜೀವ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಪವರ್ ಆಫ್ ಮಾಡಿಸಿ. ಅದರ ಬುಡದ ಹಳ್ಳವೇ ಮೊದಲು ತುಂಬುವುದು.

ನೀರು ಹೊರಹಾಕುವಾಗಲೂ ಅಷ್ಟೇ ಎಚ್ಚರ. 2025ರ ಮೇನಲ್ಲಿ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ಮೋಟರ್ ಹಾಕಿ ನೀರು ತೆಗೆಯುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು, ಅವರಲ್ಲೊಬ್ಬ ಪುಟ್ಟ ಹುಡುಗ. ವಿದ್ಯುತ್ ಮೋಟರ್ ಆದರೆ ಆರ್‌ಸಿಸಿಬಿ ಇರುವ ಒಣ ಪಾಯಿಂಟ್‌ನಿಂದ, ನಡುವೆ ಟೇಪ್ ಸುತ್ತಿದ ಜೋಡಣೆ ಇಲ್ಲದ ಒಂದೇ ಕೇಬಲ್‌ನಲ್ಲಿ ಹಾಕಿ. ಅದು ಓಡುತ್ತಿರುವಾಗ ಯಾರೂ ಆ ನೀರಿನಲ್ಲಿ ನಿಲ್ಲಬಾರದು, ಮೋಟರ್ ಸರಿಸಬೇಕಿದ್ದರೆ ಮೊದಲು ಪ್ಲಗ್ ಕೀಳಬೇಕು. ಡೀಸೆಲ್, ಪೆಟ್ರೋಲ್ ಪಂಪನ್ನು ಹೊರಗೇ ಇಟ್ಟು ಪೈಪ್ ಮಾತ್ರ ಒಳಗೆ ಬಿಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಬೀದಿಯಲ್ಲಿ ನೀರು ನಿಂತಿರುವಾಗಲೇ ಪೂರ್ತಿ ಖಾಲಿ ಮಾಡಬೇಡಿ: ಹೊರಗಿನ ಒದ್ದೆ ಮಣ್ಣಿನ ಒತ್ತಡಕ್ಕೆ ಗೋಡೆ ಬಿರಿಯಬಹುದು. ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯಿರಿ.

ನೀರಿನಲ್ಲಿ ನಿಂತ ಕಾರು, ಎಲೆಕ್ಟ್ರಿಕ್ ಸ್ಕೂಟರ್?

ಸ್ಟಾರ್ಟ್ ಮಾಡಬೇಡಿ, ಎಂಜಿನ್ ಒಳಗೆ ನೀರಿದ್ದರೆ ಒಂದೇ ಸಲಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟೋ ಮಾಡಿಸಿ. ಮುಳುಗಿದ ಎಲೆಕ್ಟ್ರಿಕ್ ಗಾಡಿಯನ್ನು ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು, ಕಟ್ಟಡದಿಂದ 15 ಮೀಟರ್ ದೂರ ಬಯಲಿನಲ್ಲಿ ನಿಲ್ಲಿಸಿ.

ಸಂಪಿಗೆ ಚರಂಡಿ ನೀರು ಹೋಗಿದೆ. ಏನು ಮಾಡುವುದು?

ಸಂಪಿನ ಮೋಟರ್ ಹಾಕಬೇಡಿ, ಹಾಕಿದರೆ ಓವರ್‌ಹೆಡ್ ಟ್ಯಾಂಕೂ ಕೆಡುತ್ತದೆ. ಬೀದಿಯ ನೀರು ಪೂರ್ತಿ ಇಳಿದ ಮೇಲೆ ಸಂಪು ಖಾಲಿ ಮಾಡಿಸಿ, ಕೆಸರು ತೆಗೆಸಿ, ಗೋಡೆ ಉಜ್ಜಿಸಿ. ಒಳಗೆ ಇಳಿಯುವ ಮುನ್ನ ಮುಚ್ಚಳ ಹಲವು ಗಂಟೆ ತೆರೆದಿರಲಿ, ಫ್ಯಾನ್‌ನಿಂದ ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಲಿ. ಒಳಗಿದ್ದವರಿಗೆ ತಲೆ ಸುತ್ತಿದರೆ ಎಳೆದುಕೊಳ್ಳಿ, ಇಳಿಯಬೇಡಿ.

ಆಮೇಲೆ ಶುದ್ಧ ನೀರು ತುಂಬಿ, ಪ್ರತಿ 1,000 ಲೀಟರ್‌ಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ, 6,000 ಲೀಟರ್ ಸಂಪಿಗೆ 900 ಗ್ರಾಂ, ಬಕೆಟ್‌ನಲ್ಲಿ ಕಲಸಿ, ಗಷ್ಟು ತಳ ಕೂತ ಮೇಲಿನ ತಿಳಿಯನ್ನು ಹಾಕಿ. 12 ಗಂಟೆ ಬಿಟ್ಟು ಆ ನೀರನ್ನು ಪೂರ್ತಿ ಹೊರಚೆಲ್ಲಿ, ಮತ್ತೆ ತುಂಬಿ. ಪೌಡರ್ ಹಾಕಿದ ಆ ಮೊದಲ ನೀರು ಕುಡಿಯಲು, ಸ್ನಾನಕ್ಕೆ ಬಾರದು. ಡಬ್ಬ ತೆರೆದು ತಿಂಗಳುಗಟ್ಟಲೆ ಬಿಟ್ಟ ಪೌಡರ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಇದೆಲ್ಲ ತಪ್ಪಬೇಕಾದರೆ ಸಂಪಿನ ಬಾಯಿ ಅಂಗಳದ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರವಿದ್ದು ರಬ್ಬರ್ ಅಂಚಿನ ಮುಚ್ಚಳವಿರಲಿ. ಗಾರೆಯವರಿಗೆ ಒಂದು ದಿನದ ಕೆಲಸ.

ಕುಡಿಯುವ ನೀರು ಎಷ್ಟು ಇಟ್ಟುಕೊಳ್ಳಬೇಕು?

ತಲೆಗೆ ದಿನಕ್ಕೆ 3 ಲೀಟರ್‌ನಂತೆ ಮೂರು ದಿನಕ್ಕೆ. ನಾಲ್ಕು ಜನರ ಮನೆಗೆ 20 ಲೀಟರ್ ಕ್ಯಾನ್ ಎರಡು. 2022ರಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಾವೇರಿ ಪಂಪ್ ಹೌಸ್‌ಗೇ ನೀರು ನುಗ್ಗಿ, ಮುಳುಗದ ಬಡಾವಣೆಗಳಿಗೂ ನಲ್ಲಿ ನೀರು ನಿಂತಿತ್ತು. ನಲ್ಲಿ ಮತ್ತೆ ಬಂದಾಗ ಮೊದಲ ನೀರನ್ನು ಹರಿಯಬಿಟ್ಟು, ಕೆಲವು ದಿನ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಫಿಲ್ಟರ್ ಯಂತ್ರ ಮುಳುಗಿದ್ದರೆ ಕ್ಯಾಂಡಲ್, ಮೆಂಬ್ರೇನ್ ಬದಲಿಸದೆ ಬಳಸಬೇಡಿ. ನೆರೆನೀರು ತಾಗಿದ ಅಕ್ಕಿ, ಬೇಳೆ, ತರಕಾರಿ ತೊಳೆದರೂ ಶುದ್ಧವಾಗುವುದಿಲ್ಲ, ಎಸೆಯಿರಿ.

ಹಾವು ಒಳಗೆ ಬಂದರೆ?

ಅದೂ ಒಣ ಜಾಗ ಹುಡುಕಿಕೊಂಡೇ ಬರುವುದು. ಹೆಚ್ಚಾಗಿ ನೀರುಹಾವು, ಕೇರೆ. ಆದರೆ ನಾಗರಹಾವು, ಕೊಳಕುಮಂಡಲವೂ ಬೆಂಗಳೂರಿನಲ್ಲಿವೆ. ಹೊಡೆಯಲು ಹೋಗದೆ ಆ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, 1533ಕ್ಕೆ ಹೇಳಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ ತೆಗೆದು, ಆ ಅಂಗ ಅಲುಗಾಡದಂತೆ ಮಾಡಿ 108ರಲ್ಲಿ ಆಸ್ಪತ್ರೆಗೆ.

ನೀರು ಇಳಿದಿದೆ. ಯಾವಾಗ ಕರೆಂಟ್ ಹಾಕಬಹುದು?

ಎಲೆಕ್ಟ್ರಿಷಿಯನ್ ಮೆಗ್ಗರ್‌ನಿಂದ (ತಂತಿಯ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಯಂತ್ರ) ಪ್ರತಿ ಸರ್ಕ್ಯೂಟ್ ಪರೀಕ್ಷಿಸಿ, ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಿದ ಮೇಲೆ. ಗೋಡೆಯೊಳಗಿನ ಪೈಪುಗಳಲ್ಲಿ ನೀರು ದಿನಗಟ್ಟಲೆ ನಿಂತಿರುತ್ತದೆ. ಮುಳುಗಿದ ಎಂಸಿಬಿ, ಆರ್‌ಸಿಸಿಬಿ, ಪ್ಲಗ್ ಪಾಯಿಂಟ್‌ಗಳನ್ನು ಒಣಗಿಸಿ ಬಳಸದೆ ಬದಲಿಸಿ. ಒಳಗಿನ ಕೆಸರು ಬಿಸಿಲಿಗೆ ಹೋಗುವುದಿಲ್ಲ.

ಸ್ವಚ್ಛ ಮಾಡುವಾಗ ಏನು ನೆನಪಿರಬೇಕು?

ಮೊದಲು ಎಲ್ಲದರ ಫೋಟೋ, ವಿಡಿಯೋ, ಗೋಡೆಯ ಮೇಲಿನ ನೀರಿನ ಗೆರೆ ಸಮೇತ. ವಿಮೆಗೂ ಪರಿಹಾರದ ಅರ್ಜಿಗೂ ಬೇಕು. ಮನೆವಿಮೆ ಮಾಡಿಸುವವರಿಗೆ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಪ್ರವಾಹದ ನಷ್ಟ ಸೇರಿದೆ.

ಗಮ್‌ಬೂಟು, ಕೈಗವಸು ಹಾಕಿ ಕೆಸರನ್ನು ಒದ್ದೆ ಇರುವಾಗಲೇ ತಳ್ಳಿ, ಸೋಪಿನ ನೀರಿನಿಂದ ತೊಳೆಯಿರಿ. ಆಮೇಲೆ 10 ಲೀಟರ್ ಬಕೆಟ್‌ಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ತಿಳಿಯಿಂದ ನೆಲ ಒರೆಸಿ, ಹತ್ತು ನಿಮಿಷ ಬಿಡಿ. ಕೆಸರಿನ ಮೇಲೇ ಪೌಡರ್ ಎರಚಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಹತ್ತಿ ಹಾಸಿಗೆ, ದಿಂಬು ಎಸೆಯಿರಿ. ಬೂಷ್ಟು ಒಂದೆರಡು ದಿನದಲ್ಲೇ ಹಿಡಿಯುವುದರಿಂದ ವಾರ್ಡ್‌ರೋಬನ್ನು ಗೋಡೆಯಿಂದ ಸರಿಸಿ ಗಾಳಿಯಾಡಲು ಬಿಡಿ.

ನೆರೆನೀರಿಗೆ ಇಳಿದ ಎರಡು ದಿನದಿಂದ ಒಂದು ತಿಂಗಳೊಳಗೆ ಯಾವಾಗಲಾದರೂ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಇಲಿ ಜ್ವರ ಇರಬಹುದು. ವೈದ್ಯರಿಗೆ ‘ನೆರೆನೀರಿನಲ್ಲಿ ಓಡಾಡಿದ್ದೆ’ ಎಂದು ನೀವಾಗಿಯೇ ಹೇಳಿ, ಬೇಗ ಹಿಡಿದರೆ ಗುಣವಾಗುತ್ತದೆ. ಕಾಲಿಗೆ ಗಾಯವಾಗಿದ್ದರೆ ಟಿಟಿ ಇಂಜೆಕ್ಷನ್ ಬಗ್ಗೆ ಅಂದೇ ಕೇಳಿ.

ನಾವು ಬಾಡಿಗೆಗೆ ಇರುವವರು. ನಮ್ಮ ಕೈಲಿ ಏನಿದೆ?

ಅಡ್ವಾನ್ಸ್ ಕೊಡುವ ಮೊದಲು ನೋಡಿಕೊಳ್ಳುವುದು. ನೆಲಮಹಡಿ ಬೀದಿಗಿಂತ ತಗ್ಗಿದೆಯೇ, ಬಾಗಿಲ ಚೌಕಟ್ಟಿನ ಬುಡ ಊದಿಕೊಂಡಿದೆಯೇ, ಹೊಸ ಪೇಂಟ್ ಕೆಳಗಿನ ಎರಡು ಅಡಿಗೆ ಮಾತ್ರ ಇದೆಯೇ, ಮೀಟರ್ ಬೋರ್ಡ್ ಎಷ್ಟು ಎತ್ತರದಲ್ಲಿದೆ ನೋಡಿ. ಪಕ್ಕದ ಅಂಗಡಿಯವರನ್ನು ಕೇಳಿದರೆ ಎಷ್ಟು ನೀರು ಬರುತ್ತದೆಂದು ಕೈಯಲ್ಲೇ ಅಳತೆ ತೋರಿಸುತ್ತಾರೆ. ಈಗಾಗಲೇ ಇರುವ ಮನೆಯಾದರೆ ಮಾಲೀಕರ ಬಳಿ ಮೊದಲು ಆರ್‌ಸಿಸಿಬಿ, ಆಮೇಲೆ ನಾನ್‌ ರಿಟರ್ನ್ ವಾಲ್ವ್ ಕೇಳಿ. ಅದಾಗುವವರೆಗೆ ಒಂದು ಕಟ್ಟು ಖಾಲಿ ಸಿಮೆಂಟ್ ಚೀಲ, ಒಂದಿಷ್ಟು ಮರಳು, ದಪ್ಪ ಪ್ಲಾಸ್ಟಿಕ್ ಶೀಟ್ ಮೆಟ್ಟಿಲ ಮೇಲಿನ ಒಣ ಜಾಗದಲ್ಲಿ ಇಟ್ಟುಕೊಳ್ಳಿ.